ಕಿವಿ ಕತ್ತರಿಸಿದ ರೇಡಿಯೇಟರ್

ಮಿಸ್ತ್ರಿ ಕಾಕಾರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆಗೆ ಮುಂಚೆ ಹಿತ್ತಾಳೆಯನ್ನು ತೊಳೆಯುವ ಆಸಿಡ್ಡು ಮೂವತ್ತು ವರ್ಷಗಳಲ್ಲಿ ಅವನ್ನು ಒಂದೊಂದಾಗಿ ತಿಂದುಹಾಕಿತ್ತು. ಹತ್ತೂ ಬೆರಳು ಹಳ್ಳದ ಕಲ್ಲಿನಂತೆ ನುಣ್ಣಗೆ, ತುದಿಯಲ್ಲಿ ತುಸು ಹಳದಿ. ರೇಶನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಲೇ ಇರಲಿಲ್ಲ. ಅಂಗಡಿಯವನು ಐದಾರು ಸಲ ಒರೆಸಿ ಒತ್ತಿಸಿ ಸೋತಾಗ ಕಾಕಾ ನಗುತ್ತಿದ್ದರು. "ಇರ್ಲಿ ಬಿಡಪ್ಪ, ನಿನ್ನ ಮಶೀನಿಗಿ ನಾ ಯಾರಂತ ಗುರ್ತು ಸಿಗವಲ್ದು. ನಾಳಿ ನಮ್ಮ ಮನ್ಯಾಕಿಗಿ ಕಳಸ್ತೀನಿ."

ಯಂತ್ರ ಗುರುತಿಸದ ಆ ಬೆರಳುಗಳಿಗೆ ಮಾತ್ರ ಎಲ್ಲವೂ ಗುರುತಾಗುತ್ತಿತ್ತು. ಕಾದ ಲಾರಿಯ ರೇಡಿಯೇಟರಿನ ಮೇಲೆ ಅವರು ಅಂಗೈಯನ್ನು ಮೆಲ್ಲಗೆ ಸರಿಸುತ್ತಿದ್ದರು. ಎಲ್ಲಿ ತಣ್ಣಗಿದೆಯೋ ಅಲ್ಲಿ ಒಳಗಿನ ಕೊಳವೆ ಕಟ್ಟಿದೆ, ನೀರು ಓಡುತ್ತಿಲ್ಲ ಎಂದು ಅರ್ಥ. ಸೀಮೆಸುಣ್ಣದಿಂದ ಅಲ್ಲಿ ಒಂದು ಗೆರೆ ಎಳೆದು, "ಇಲ್ಲಿ ಕುಂತದ ಕಸ," ಎನ್ನುತ್ತಿದ್ದರು. ಬಿಚ್ಚಿದರೆ ಗೆರೆ ಎಳೆದಲ್ಲೇ ಕಸ.

ಗಡಿಯ ಮರಾಠಿ ಸೀಮೆಯ ಉಮರ್ಗಾದಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿಗೆ ಹತ್ತಿ ನಮ್ಮಪ್ಪನ ಕಾಳಿನ ಅಂಗಡಿ. ಅದರ ಎದುರಿಗೇ ಕಾಕಾರ ತಗಡಿನ ಶೆಡ್ಡು. ಹತ್ತಿರದ ಹಳ್ಳಿ ಗುಂಜೋಟಿಯವರು ಅವರು. ಅಣ್ಣತಮ್ಮಂದಿರೆಲ್ಲ ಹೊಲ ಹಿಡಿದರೆ ಇವರೊಬ್ಬರು ಬೆಸುಗೆ ಹಿಡಿದರು. ದಿನಾ ಬೆಳಿಗ್ಗೆ ಹಳೆಯ ಮೋಟರ್‌ಸೈಕಲ್ ಮೇಲೆ ಬಂದು, ಶೆಡ್ಡಿನ ಮೂಲೆಯ ಬಸವಣ್ಣನ ಪಟಕ್ಕೆ ಊದಿನಕಡ್ಡಿ ಹಚ್ಚಿ, ಕೊರಳಲ್ಲಿದ್ದ ಲಿಂಗವಸ್ತ್ರವನ್ನು ಬೆನ್ನ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು, ಬೆಂಕಿಯ ಕಿಡಿ ತಾಗಬಾರದೆಂದು. ಲಾರಿ ಡ್ರೈವರುಗಳ ಜೊತೆ ಮರಾಠಿ, ಬಾಜೂಕಿನ ಮೆಕ್ಯಾನಿಕ್ಕರ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: ಯಾವಾಗ ಕಾಯ್ತದೆ, ನಿಧಾನ ಹೋಗುವಾಗಲೋ, ಜೋರು ಹೋಗುವಾಗಲೋ? ನಿಧಾನ ಹೋಗುವಾಗ ಕಾದರೆ ಫ್ಯಾನು ನೋಡುತ್ತಿದ್ದರು. ಜೋರು ಹೋಗುವಾಗ ಕಾದರೆ ಮಾತ್ರ ರೇಡಿಯೇಟರಿಗೆ ಕೈಹಾಕುತ್ತಿದ್ದರು. ಬೇರೆ ಕಡೆಯ ದೋಷಕ್ಕೆ ರೇಡಿಯೇಟರು ಬಿಚ್ಚಿ ದುಡ್ಡು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. "ಇದಕ್ಕ ಜ್ವರ ಇಲ್ಲ, ನಿನಗ ಅವಸರ ಅದ. ಫ್ಯಾನ್ ಬೆಲ್ಟ್ ಬಿಗಿ ಮಾಡಿಸ್ಕೊಂಡು ಹೋಗು," ಎಂದು ಡ್ರೈವರನನ್ನು ಹಾಗೇ ಕಳಿಸಿಬಿಡುತ್ತಿದ್ದರು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದೆ. ನಮ್ಮ ವ್ಯಾಪಾರದ ಮನೆತನದಲ್ಲಿ ಹುಡುಗಿಯೊಬ್ಬಳು ನಟ್ಟು ಬೋಲ್ಟು ಕಲಿಯುವುದೆಂದರೆ ನಗೆಯ ಮಾತು. ನಗದವರು ಇಬ್ಬರೇ, ಅಪ್ಪ ಮತ್ತು ಎದುರಿನ ಮಿಸ್ತ್ರಿ ಕಾಕಾ. ಮೂರನೆಯ ವರ್ಷ ನಮ್ಮ ಕಾಲೇಜಿನ ಹುಡುಗರು ಒಂದು ಪುಟ್ಟ ರೇಸ್ ಗಾಡಿ ಕಟ್ಟಲು ಹೊರಟರು. ಒಬ್ಬರೇ ಕೂರುವ, ನೆಲಕ್ಕೆ ಹತ್ತಿದಂತಿರುವ ಗಾಡಿ, ಅದಕ್ಕೆ ಮೋಟರ್‌ಸೈಕಲ್ಲಿನ ಇಂಜಿನ್ನು. ಸುತ್ತಲಿನ ಜಿಲ್ಲೆಗಳ ಕಾಲೇಜುಗಳು ಸೇರಿ ಉದಗೀರದ ಹೊರಗೆ ಸ್ಪರ್ಧೆ ಇಟ್ಟಿದ್ದವು. ತಂಡದಲ್ಲಿ ಹುಡುಗಿ ನಾನೊಬ್ಬಳೇ. ಇಂಜಿನ್ನು ತಣ್ಣಗಿಡುವ ಕೆಲಸ ನನ್ನ ಪಾಲಿಗೆ ಬಂತು. ಇವಳು ಮಾಡಿಯಾಳೇ ಎಂಬ ಪ್ರಶ್ನೆ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೂ ಅದು ನನ್ನ ಕಿವಿಯಲ್ಲಿ ಸದಾ ಇತ್ತು.

ಸಮಸ್ಯೆ ಸರಳವಾಗಿಯೇ ಇತ್ತು. ರೇಡಿಯೇಟರನ್ನು ಗಾಳಿಗೆ ಎದುರಾಗಿ ನೆಟ್ಟಗೆ ನಿಲ್ಲಿಸಿದರೆ ಗಾಳಿ ಒಳಬರಲು ಅದರಷ್ಟೇ ಎತ್ತರದ ಬಾಯಿ ಗಾಡಿಯ ಮಗ್ಗುಲಲ್ಲಿ ಬೇಕು. ಬಾಯಿ ದೊಡ್ಡದಾದಷ್ಟೂ ಗಾಳಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಬಾಗಿಸಿದರೆ ಅದೇ ರೇಡಿಯೇಟರು ಗಿಡ್ಡ ಬಾಯಿಯ ಹಿಂದೆ ಅಡಗುತ್ತದೆ. ಎಷ್ಟು ಬಾಗಿಸಬಹುದು ಎಂಬುದೇ ಪ್ರಶ್ನೆ. ಪುಸ್ತಕದಲ್ಲಿ ಸೂತ್ರಗಳಿದ್ದವು. ನನಗೆ ಅವು ಬಾಯಿಪಾಠವಾಗಿದ್ದವು, ಅರ್ಥವಾಗಿರಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಕಾಗದಗಳನ್ನು ಹಿಡಿದುಕೊಂಡು ರಸ್ತೆ ದಾಟಿದೆ.

ಕಾಕಾ ನನ್ನ ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದರಾಗ ಗಾಳಿ ಎಲ್ಲದ ಅವ್ವಾ?" ಎಂದರು.

ನಾನು ಬಾಣದ ಗುರುತು ತೋರಿಸಿದೆ.

"ಇದು ನೀ ಬರೆದಿದ್ದು. ಗಾಳಿ ಬರೆದಿದ್ದು ನೋಡೋಣ ಬಾ."

ಮಟಮಟ ಮಧ್ಯಾಹ್ನ. ಬೆಂಚಿನ ಒಂದು ತುದಿಗೆ ಟೇಬಲ್ ಫ್ಯಾನು ಇಟ್ಟರು, ಇನ್ನೊಂದು ತುದಿಗೆ ಯಾವುದೋ ಹಳೆಯ ಜೀಪಿನ ಜಾಳಿ. ಸಣ್ಣ ಕೊಳವೆಗಳ ನಡುವೆ ತೆಳು ತಗಡಿನ ಮಡಿಕೆ ತುಂಬಿರುವ ರೇಡಿಯೇಟರಿನ ಹೊಟ್ಟೆಗೆ ಅವರು ಜಾಳಿ ಎನ್ನುತ್ತಿದ್ದರು. ಬಸವಣ್ಣನ ಮುಂದಿನ ಊದಿನಕಡ್ಡಿಯನ್ನು ಕಿತ್ತು ನನ್ನ ಕೈಗೆ ಕೊಟ್ಟು ಫ್ಯಾನಿನ ಮುಂದೆ ಹಿಡಿಯಲು ಹೇಳಿದರು. ಜಾಳಿ ನೆಟ್ಟಗಿದ್ದಾಗ ಹೊಗೆ ಬಂದು ಒಳಹೊಕ್ಕು ಹಿಂದಿನಿಂದ ಹೊರಟಿತು. ಕಾಕಾ ಜಾಳಿಯನ್ನು ಹಿಂದಕ್ಕೆ ಬಾಗಿಸಿದರು. ಹೊಗೆ ಅದರ ಮೈಮೇಲೆ ಜಾರಿ, ಮೇಲಿನ ಅಂಚು ದಾಟಿ ಹಾಗೇ ಹೊರಟುಹೋಯಿತು. ಒಳಗೆ ಹೊಕ್ಕದ್ದು ಅರ್ಧ ಮಾತ್ರ.

"ನೋಡ್ದಿ? ಗಾಳಿ ಭಾಳ ಆಳಸಿ ಅದ. ಜಾಳ್ಯಾಗ ಹೋಗ್ಲಾಕ ಅದಕ್ಕ ಮೈ ಭಾರ. ಬಾಜೂಕ ದಾರಿ ಸಿಕ್ತಂದ್ರ ಅಲ್ಲಿಂದೇ ಓಡ್ತದ."

ಆಮೇಲೆ ಬಿಸ್ಕೀಟಿನ ರಟ್ಟಿನ ಡಬ್ಬಿ ಹರಿದು ಜಾಳಿಯ ಎರಡೂ ಮಗ್ಗುಲಿಗೆ, ಮೇಲಕ್ಕೆ, ಫ್ಯಾನಿನವರೆಗೆ ಬರುವಂತೆ ತುಂಡುಗಳನ್ನು ಕಟ್ಟಿದರು. ಈಗ ಹೊಗೆಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಬಾಗಿದ ಜಾಳಿಯ ಎದುರಿಗೆ ಬಂದು ಕ್ಷಣ ತಡವರಿಸಿ, ತಾನೇ ತಿರುಗಿ, ಜಾಳಿಗೆ ನೇರವಾಗಿ ಒಳಹೊಕ್ಕು ಹಿಂದಿನಿಂದ ಬಂತು. ಸೂತ್ರದಲ್ಲಿ ಬರೆದಿದ್ದದ್ದು ಕಣ್ಣೆದುರಿಗೆ ಬೂದು ಬಣ್ಣದಲ್ಲಿ ತಿರುಗುತ್ತಿತ್ತು.

"ಹಂಗಾದ್ರ ಪೂರಾ ಮಲಗಿಸಿಬಿಡೋಣ ಕಾಕಾ. ಬಾಯಿ ಇನ್ನಾ ಸಣ್ಣದಾಗ್ತದ," ಎಂದೆ.

"ಮಲಗ್ಸು, ನೋಡು."

ಇನ್ನೂ ಬಾಗಿಸಿದೆ. ಅವರು ಜಾಳಿಯ ಹಿಂದೆ ಅಂಗೈ ಹಿಡಿದು, ನನ್ನ ಕೈಯನ್ನೂ ಅಲ್ಲಿಗೆ ತಂದರು. ಹಿಂದಿನ ತುದಿಯಲ್ಲಿ ಗಾಳಿ ನುಗ್ಗುತ್ತಿತ್ತು, ಮುಂದಿನ ತುದಿಯಲ್ಲಿ ಏನೂ ಇಲ್ಲ. "ಅರ್ಧಾ ಜಾಳಿ ಕೆಲಸ ಮಾಡ್ಲತದ, ಅರ್ಧಾ ಮಲ್ಕೊಂಡದ. ಗಾಡಿ ಹಗುರ ಓಡ್ತದ ಖರೇ, ಆದ್ರ ಇಂಜಿನ್ ಕಾಯ್ತದ. ನೆಟ್ಟಗ ನಿಂದ್ರಿಸಿದ್ರ ಇಂಜಿನ್ ತಣ್ಣಗ, ಗಾಡಿ ಜಗ್ಗತದ. ಎರಡಕ್ಕೂ ಚೂರು ಚೂರು ಬಿಟ್ಟು ಕೊಡ್ಬೇಕು."

ಎಷ್ಟು ಡಿಗ್ರಿ ಎಂದು ಕೇಳಿದೆ. ಡಿಗ್ರಿ ಅವರಿಗೆ ಗೊತ್ತಿರಲಿಲ್ಲ. ಅಪ್ಪನ ಅಂಗಡಿಯ ಮುಂದೆ ತೊಗರಿ ಹಸನು ಮಾಡುತ್ತಿದ್ದ ಹೆಂಗಸಿನ ಕಡೆ ಗದ್ದ ಚಾಚಿ, "ಆಕಿ ಮೊರ ಎಷ್ಟು ಬಾಗಿಸ್ಯಾಳ, ಅಷ್ಟ," ಎಂದರು. ಅವರು ಜಾಳಿಯನ್ನು ಹಾಗೆ ಬಾಗಿಸಿ ಹಿಡಿದಲ್ಲಿ ಕೋನಮಾಪಕ ಇಟ್ಟು ನೋಡಿದೆ. ನೆಟ್ಟಗಿದ್ದದ್ದರಿಂದ ಮೂವತ್ತು ಡಿಗ್ರಿಯ ಆಸುಪಾಸು. ಬರೆದುಕೊಂಡೆ.

ಮುಂದಿನ ಹತ್ತು ದಿನ ಅವರು ನಮ್ಮ ಗಾಡಿಗಾಗಿ ತಾಮ್ರ ಹಿತ್ತಾಳೆಯ ರೇಡಿಯೇಟರು ಕಟ್ಟಿದರು. ರಟ್ಟಿನ ಜಾಗದಲ್ಲಿ ತೆಳು ತಗಡಿನ ಪಟ್ಟಿಗಳನ್ನು ಬೆಸೆದರು. ಅವಕ್ಕೆ ಕಿವಿ ಎಂದು ಹೆಸರಿಟ್ಟರು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ ಗುಳ್ಳೆ ಬರುತ್ತದೆಯೇ ಎಂದು ಎಷ್ಟು ಸಲ ನೋಡಿದರೋ. ಕೊಡುವಾಗ ಒಂದೇ ಮಾತು ಹೇಳಿದರು. "ಏನರೆ ಬದಲ್ ಮಾಡು, ಕಿವಿ ಮಾತ್ರ ತೆಗಿಬ್ಯಾಡ."

ಸ್ಪರ್ಧೆಗೆ ಎರಡು ದಿನ ಮುಂಚೆ ಗಾಡಿಯನ್ನು ತೂಗಿದೆವು. ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ತಂಡದ ನಾಯಕ ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತ ಬಂದ, ನೀನು ಏನು ಕಳೆಯುತ್ತೀ, ನೀನು ಏನು ಕಳೆಯುತ್ತೀ. ನನ್ನ ಸರದಿ ಬಂದಾಗ ಎಲ್ಲರೂ ಆ ಹಿತ್ತಾಳೆಯ ರೇಡಿಯೇಟರಿನತ್ತ ನೋಡಿದರು. ಕಂಪ್ಯೂಟರಿನಲ್ಲಿ ನಾನೇ ಮಾಡಿದ, ಗಾಳಿ ಹರಿಯುವ ಚಿತ್ರವಿತ್ತು. ಒಳಬಂದ ಗಾಳಿಯೆಲ್ಲ ಜಾಳಿಯ ಮೂಲಕವೇ ಹೋಗುತ್ತದೆ ಎಂದು ಅದರಲ್ಲಿ ನಾನು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೆ. ಹಾಗಾಗಿ ಆ ಚಿತ್ರದಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ. ಎಷ್ಟು ಮಲಗಿಸಿದರೂ ಲಾಭವೇ ಕಾಣುತ್ತಿತ್ತು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಊದಿನಕಡ್ಡಿ ಹಿಡಿದಿದ್ದವಳು ನಾನೇ. ಆದರೂ ತಗಡಿನ ಕತ್ತರಿ ತೆಗೆದುಕೊಂಡು ನನ್ನ ಕೈಯಾರೆ ಮೂರೂ ಕಿವಿ ಕತ್ತರಿಸಿದೆ. ರೇಡಿಯೇಟರನ್ನು ಇನ್ನಷ್ಟು ಹಿಂದಕ್ಕೆ ಮಲಗಿಸಿ ಕಟ್ಟಿದೆ. ಬಾಯಿ ಚಿಕ್ಕದಾಯಿತು, ಗಾಡಿ ನೋಡಲು ಚೂಪಾಯಿತು. ಹುಡುಗರು ಬೆನ್ನು ತಟ್ಟಿದರು.

ಸ್ಪರ್ಧೆಯ ದಿನ ಕಾಕಾ ಬಂದಿದ್ದರು. ನಾನು ಕರೆದಿರಲಿಲ್ಲ, ಅಪ್ಪ ಹೇಳಿದ್ದನಂತೆ. ಉಮರ್ಗಾದಿಂದ ನಿಲಂಗಾ, ನಿಲಂಗಾದಿಂದ ಉದಗೀರ, ಎರಡು ಬಸ್ಸು ಬದಲಿಸಿ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಗ್ಗದಾಚೆ ಜನರ ನಡುವೆ ನಿಂತಿದ್ದರು. ನಮ್ಮ ಪಕ್ಕದಲ್ಲಿ ನಿಲಂಗಾದ ಟ್ರಾನ್ಸ್‌ಪೋರ್ಟ್ ಸಾಹುಕಾರರೊಬ್ಬರಿದ್ದರು. ನಮ್ಮ ಗಾಡಿಯ ಟೈರುಗಳು ಅವರ ಕೊಡುಗೆ. ಅವರ ಲಾರಿಗಳೆಲ್ಲ ಕಾಕಾರ ಶೆಡ್ಡಿಗೇ ಬರುತ್ತಿದ್ದವು. ದೂರದಿಂದಲೇ ಕಾಕಾರನ್ನು ನೋಡಿ ಅವರು ಕೈ ಎತ್ತಿದರು.

ಗಾಡಿ ಓಡಿತು. ಮೊದಲ ಸುತ್ತುಗಳಲ್ಲಿ ನಾವೇ ಮುಂದೆ. ಐದನೆಯ ಸುತ್ತಿಗೆ ಮಗ್ಗುಲಿನಿಂದ ಬಿಳಿ ಹಬೆ ಕಂಡಿತು, ಆರನೆಯದಕ್ಕೆ ಗಾಡಿ ನಿಂತಿತು. ತಳ್ಳಿಕೊಂಡು ತಂದೆವು. ಪರೀಕ್ಷಕರು ಕಾಗದದ ಹಲಗೆ ಹಿಡಿದು ಬಂದು, ತಣ್ಣಗಿಡುವ ವ್ಯವಸ್ಥೆ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ಹುಡುಗರೆಲ್ಲ ನನ್ನತ್ತ ನೋಡಿದರು. ನಾಯಕನ ತುಟಿಯಲ್ಲಿ ಒಂದು ಸಣ್ಣ ನಗೆ ಇತ್ತೋ, ನನಗೆ ಹಾಗೆ ಕಂಡಿತೋ.

"ಡಿಸೈನ್ ಮಾಝಂಚ್ ಆಹೆ ಸರ್," ಎಂದೆ. ಡಿಸೈನ್ ನನ್ನದೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ರೇಡಿಯೇಟರು ನಮ್ಮೂರ ಮಿಸ್ತ್ರಿ ಮಾಡಿದ್ದು, ಬೆಸುಗೆಯ ಸೀಸ ಕೊಳವೆಯೊಳಗೆ ಹರಿದು ಕಟ್ಟಿಕೊಂಡಿದೆ, ನೀರೇ ಓಡುತ್ತಿಲ್ಲ ಎಂದೆ. ಕೇಳಿದವರು ನಂಬುವ ಹಾಗೆ, ಎಷ್ಟು ಕೊಳವೆ ಎಂಬುದನ್ನೂ ಸೇರಿಸಿ ಹೇಳಿದೆ. ಸುಳ್ಳು ಹೇಳುವಾಗ ನನ್ನ ಜ್ಞಾನವೆಲ್ಲ ನೆರವಿಗೆ ಬಂತು. ಸಾಹುಕಾರರು ಪಕ್ಕದಲ್ಲೇ ಇದ್ದರು. ಹಗ್ಗ ದಾಟಿ ಬಂದಿದ್ದ ಕಾಕಾ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು.

ಅವರು ನನ್ನ ಮುಖ ನೋಡಲಿಲ್ಲ, ರೇಡಿಯೇಟರಿನ ಅಂಚು ನೋಡಿದರು. ನಾನು ಗಾಬರಿಯಲ್ಲಿ, ಏನಾದರೂ ಮಾಡಿ ತೋರಿಸಬೇಕೆಂದು ಮುಚ್ಚಳಕ್ಕೆ ಕೈಹಾಕಿದೆ. ಆಗ ಅವರು ಒಂದೇ ನೆಗೆತಕ್ಕೆ ಬಂದು ನನ್ನ ಮುಂಗೈ ಹಿಡಿದರು.

"ತೆಗಿಬ್ಯಾಡ! ಕುದಿಲತದ. ಮಾರಿ ಸುಟ್ಕೊಂತಿ."

ಗೋಣಿಚೀಲ ತೋಯಿಸಿ ತಂದು ರೇಡಿಯೇಟರಿನ ಮೇಲೆ ಹೊದಿಸಿದರು. ಎಲ್ಲರನ್ನೂ ದೂರ ಸರಿಸಿ, ಹಬೆ ಇಳಿಯುವವರೆಗೆ ಅಲ್ಲೇ ಕಾವಲು ನಿಂತರು. ಅವರ ಬಿಳಿ ಅಂಗಿಯ ಮುಂಭಾಗವೆಲ್ಲ ಕೆಸರು. ಆಮೇಲೆ ಯಾರಿಗೂ ಏನೂ ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಹಿಂದೆ ಹೋಗಬೇಕೆಂದು ನನಗೆ ಅನಿಸಿತು. ಹೋಗಲಿಲ್ಲ.

ಮುಂದಿನ ತಿಂಗಳು ಊರಿಗೆ ಬಂದಾಗ ಎದುರಿನ ಶೆಡ್ಡಿನ ಮುಂದೆ ಸಾಹುಕಾರರ ಲಾರಿಗಳು ಇರಲಿಲ್ಲ. ಲಾರಿಯವರ ಲೋಕ ಚಿಕ್ಕದು, ಮಾತು ಒಂದು ಢಾಬಾದಿಂದ ಇನ್ನೊಂದಕ್ಕೆ ಬೇಗ ಹೋಗುತ್ತದೆ. ಬೇರೆಯವರೂ ಕಡಿಮೆಯಾದರು. "ಮಿಸ್ತ್ರಿದು ಕೈ ಮೊದಲಿನಂಗ ಇಲ್ಲ ಅಂತಾರ ಮಂದಿ. ನಿಮ್ಮ ಗಾಡ್ಯಾಗ ಖರೇನೇ ಅವರದೇ ಗಲತಿ ಇತ್ತೇನು?" ಎಂದು ಅಪ್ಪ ಊಟಕ್ಕೆ ಕೂತಾಗ ಕೇಳಿದ. ನಾನು ರೊಟ್ಟಿ ಮುರಿಯುತ್ತ, "ಗೊತ್ತಿಲ್ಲಪ್ಪ, ಸರ್ ನೋಡ್ಲತಾರ," ಎಂದೆ.

ಮರುವರ್ಷ ಅದೇ ರೇಡಿಯೇಟರಿಗೆ ಹೊಸ ಕಿವಿ ಹಚ್ಚಿದೆ. ಮೊರದಷ್ಟೇ ಬಾಗಿಸಿದೆ. ಒಳಗಿನ ಒಂದು ಕೊಳವೆಯನ್ನೂ ಮುಟ್ಟಲಿಲ್ಲ, ಅವು ಸರಿಯಾಗೇ ಇದ್ದವು. ಗಾಡಿ ಕೊನೆಯ ಸುತ್ತಿನವರೆಗೆ ತಣ್ಣಗೆ ಓಡಿತು. ತಣ್ಣಗಿಡುವ ವಿನ್ಯಾಸಕ್ಕಾಗಿ ನನಗೆ ಬಹುಮಾನ ಬಂತು. ಬಹುಮಾನದ ಕಪ್ ಹಿಡಿದು ನಿಂತ ನನ್ನ ಫೋಟೋವನ್ನು ಅಪ್ಪ ಅಂಗಡಿಯಲ್ಲಿ ತೂಗುಹಾಕಿದ. ಕಾಕಾ ರಸ್ತೆ ದಾಟಿ ಬಂದು ನೋಡಿ, "ಈ ಸಲ ಕಿವಿ ಹಚ್ಚಿದ್ರೇನು ಕೇಳು," ಎಂದಷ್ಟೇ ಹೇಳಿ ಹೋದರಂತೆ. ಅಪ್ಪ ಫೋನಿನಲ್ಲಿ ಕೇಳಿದಾಗ ನೆಟ್‌ವರ್ಕ್ ಇಲ್ಲ ಎಂದು ಇಟ್ಟುಬಿಟ್ಟೆ.

ಆ ವಿನ್ಯಾಸದ ಮೇಲೆಯೇ ನನ್ನ ಮುಂದಿನ ಓದು, ಆಮೇಲೆ ಕೆಲಸ. ಈಗ ಗಡಿಯಾಚೆ, ಕನ್ನಡದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಪ್ರತಿ ವರ್ಷ ಒಂದು ದಿನ ತರಗತಿಗೆ ಟೇಬಲ್ ಫ್ಯಾನು, ಹಳೆಯ ಜಾಳಿ, ಊದಿನಕಡ್ಡಿ ತರುತ್ತೇನೆ. ಹೊಗೆ ಜಾರುವುದನ್ನು, ರಟ್ಟು ಕಟ್ಟಿದಾಗ ತಿರುಗುವುದನ್ನು ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಎರಡು ವರ್ಷದ ಹಿಂದೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. "ಮೇಡಂ, ಇದು ಪುಸ್ತಕದಾಗಿಲ್ಲಲ್ರಿ. ನಿಮಗ ಯಾರು ತೋರಿಸಿದ್ರು?"

"ಯಾರೂ ಇಲ್ಲ. ನಾನೇ ವಿಚಾರ ಮಾಡಿ ಮಾಡಿದ್ದು," ಎಂದೆ.

ಮೈದಾನದ ಸುಳ್ಳಿಗೆ ಭಯ ಎಂಬ ನೆಪವಿತ್ತು. ಇದಕ್ಕೆ ಯಾವ ನೆಪವೂ ಇರಲಿಲ್ಲ. ಆ ಹುಡುಗಿ ಮೆಚ್ಚುಗೆಯಿಂದ ನನ್ನನ್ನು ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಉಳಿದ ಪಾಠ ಹೇಗೆ ಮುಗಿಸಿದೆನೋ. ಆ ಭಾನುವಾರ ಉಮರ್ಗಾಕ್ಕೆ ಹೋದೆ. ಶೆಡ್ಡಿಗೆ ಬೀಗ ಬಿದ್ದು ಬಹಳ ದಿನವಾಗಿತ್ತು. ಅಲ್ಲಿಂದ ಗುಂಜೋಟಿಗೆ ಹೋದೆ.

ಕಾಕಾ ಅಂಗಳದಲ್ಲಿ ಕೂತು ಔಷಧಿ ಹೊಡೆಯುವ ಪಂಪಿನ ಹಿತ್ತಾಳೆಯ ನಳಿಗೆ ಸರಿಮಾಡುತ್ತಿದ್ದರು. ಊರ ರೈತರ ಪಂಪುಗಳು ಸಾಲಾಗಿ ಇದ್ದವು. ನನ್ನನ್ನು ನೋಡಿ ಎದ್ದು ನಿಂತರು. "ಪ್ರೊಫೆಸರ್ ಬಾಯಿ ಬಂದಾಳ ನೋಡು!" ಎಂದು ಒಳಗೆ ಕೂಗಿದರು. ನೀರು ಬಂತು, ಚಹಾ ಬಂತು. ಅವರು ಮೊದಲಿನಂತೆಯೇ ಚಹಾವನ್ನು ಬಸಿಗೆ ಸುರಿದು ಊದಿದರು. ಕಾಕಾರ ಹೆಂಡತಿ ಕಾಕು ಒಳಗೆ ಹೋದ ಮೇಲೆ ನಾನು ಎಲ್ಲ ಹೇಳಿದೆ. ಕತ್ತರಿಸಿದ್ದು, ಮಲಗಿಸಿದ್ದು, ಪರೀಕ್ಷಕರ ಮುಂದೆ ಹೇಳಿದ್ದು, ಅಪ್ಪನಿಗೆ ಹೇಳದಿದ್ದದ್ದು.

ಅವರು ನಳಿಗೆಯನ್ನು ಒರೆಸುತ್ತ ಕೇಳಿಸಿಕೊಂಡರು. "ಗೊತ್ತದ ಅವ್ವಾ. ಅವತ್ತೇ ನೋಡಿನಿ. ಹೊಸಾ ಕೊಯ್ತ ಬಿಸಲಾಗ ಹೊಳೀಲತಿತ್ತು."

"ಮತ್ತ ಯಾಕ ಹೇಳಲಿಲ್ಲ ಕಾಕಾ?"

"ಸಿಟ್ಟು ಬಂದಿತ್ತು. ಉದಗೀರದಿಂದ ನಿಲಂಗಾತನಕ ಬಸ್ಸಿನ್ಯಾಗ ನಿನಗ ಬೈಕೋತ ಬಂದೀನಿ. ಬಾಜೂಕ ಕುಂತಾಂವ ನನಗ ಹುಚ್ಚ ಅಂದ್ಕೊಂಡಿರಬೇಕು." ಸ್ವಲ್ಪ ನಕ್ಕರು. ಆಮೇಲೆ ನಗಲಿಲ್ಲ. "ನಿಮ್ಮಪ್ಪನ ಮುಂದ ಹೇಳ್ಬೇಕಂತ ಎರಡು ಸಲ ರಸ್ತಾ ದಾಟೀನಿ. ಅಲ್ಲಿ ನಿನ್ನ ಫೋಟೋ ಇತ್ತು. ನಿಮ್ಮಪ್ಪ ಬಂದ ಗಿರಾಕಿಗೆಲ್ಲಾ ತೋರಿಸ್ಲತಿದ್ದ. ಏನಂತ ಹೇಳ್ಲಿ?"

ನಾನು ಅವರ ಕಾಲು ಮುಟ್ಟಲು ಬಾಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಅದೆಲ್ಲಾ ಬ್ಯಾಡ. ನನಗ ಹೇಳ್ದಿ, ಆಯ್ತು. ಒಳಗ ಆಕಿಗಿ ಒಂದು ಮಾತು ಹೇಳಿ ಹೋಗು. ನಾ ಹೇಳಿದ್ರ, ತಮ್ಮ ತಪ್ಪು ಸಣ್ಣ ಹುಡುಗಿ ಮ್ಯಾಲ ಹಾಕ್ಲತಾರ ಅಂತಾಳ. ನೀ ಹೇಳಿದ್ರ ನಂಬ್ತಾಳ."

ಅವರು ನನ್ನನ್ನು ಕೇಳಿಕೊಂಡದ್ದು ಅಷ್ಟೇ. ಒಳಗೆ ಹೋದೆ. ಕಾಕು ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು. "ದಿನಾ ನಿನ್ನ ಹೆಸರು ತೆಗೀತಾರ ನೋಡು. ನಮ್ಮ ಕಡಿ ಹುಡುಗಿ ಕಾಲೇಜಿನ್ಯಾಗ ಕಲಸ್ಲತಾಳ ಅಂತ ಊರಿಗೆಲ್ಲಾ ಹೇಳ್ಯಾರ," ಎಂದರು. ರೊಟ್ಟಿ ಚಲೋ ಆಗ್ಯಾವ ಕಾಕು ಎಂದೆ. ಇನ್ನೊಂದು ಹಾಕಿದರು. ಅದನ್ನೂ ತಿಂದೆ. ಹೇಳಬೇಕಾದದ್ದು ಹೇಳಲಿಲ್ಲ. ಕೈ ತೊಳೆದು ಹೊರಗೆ ಬಂದೆ.

ಕಾಕಾ ಕತ್ತೆತ್ತಿದರು. "ಹೇಳ್ದೇನು?"

"ಹೂಂ ಕಾಕಾ, ಹೇಳ್ದೆ," ಎಂದೆ.

ಅವರ ಮುಖ ಹೇಗೆ ಸಡಿಲಾಯಿತೆಂದು ಬರೆಯಲು ನನ್ನ ಕೈ ಬರುತ್ತಿಲ್ಲ. "ಚಲೋ ಆಯ್ತು," ಎಂದರು. ಬಸ್ಸಿನವರೆಗೆ ಜೊತೆಗೆ ಬಂದು ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟರು.

ಮತ್ತೆ ಹೋಗಿ ಹೇಳಿಬರುತ್ತೇನೆ, ಮುಂದಿನ ರಜೆಗೆ ಎಂದುಕೊಂಡೆ. ಪರೀಕ್ಷೆ ಬಂತು, ಪೇಪರು ತಿದ್ದುವುದು ಬಂತು. ಹೋದ ಬೇಸಿಗೆಯಲ್ಲಿ ಅಪ್ಪ ಫೋನು ಮಾಡಿದ. ಮಿಸ್ತ್ರಿ ಲಿಂಗೈಕ್ಯರಾದರು, ಹೊಲದಲ್ಲಿ ಮಣ್ಣು ಮಾಡಿ ಬಂದೆವು ಎಂದ. ಎದೆನೋವೆಂದು ಕೂತವರು ಏಳಲಿಲ್ಲವಂತೆ.

ಮೂರನೆಯ ದಿನ ಗುಂಜೋಟಿಗೆ ಹೋದೆ. ಅಂಗಳದಲ್ಲಿ ಬಂಧುಗಳು, ಊರವರು, ಉಮರ್ಗಾದ ಇಬ್ಬರು ಮೂವರು ಮೆಕ್ಯಾನಿಕ್ಕರು ಕೂತಿದ್ದರು. ಕಾಕು ಒಳಗೆ ಗೋಡೆಗೆ ಒರಗಿದ್ದರು. ಬಳಿಯಲ್ಲಿ ಕೂತು, ಈ ಸಲ ನಿಲ್ಲದೆ, ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ.

"ಹಂಗಾದ್ರ ಅವರ ಕಣ್ಣು ಸರಿ ಇದ್ದವಾ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಕಣ್ಣು ಮಂಜಾಗ್ಯಾವ, ಅದಕ್ಕೇ ಬೆಸುಗಿ ತಪ್ಪದ ಅಂತ ಮಂದಿ ಅಂದ್ರು. ನಾನೂ ಅದೇ ಹಿಡದೆ. ದಿನಾ ಜಗಳಾಡೀನಿ. ಸಾಕು, ಕಣ್ಣು ಹೋಗ್ಯಾವ, ದುಕಾನ್ ಬಂದ್ ಮಾಡ್ರಿ ಅಂತ. ನನ್ನ ಮಾತಿಗೇ ಕೀಲಿ ಹಾಕ್ಯಾರ."

"ಸರಿ ಇದ್ದವು ಕಾಕು. ಕೆಲಸದಾಗ ಒಂದು ಗುಳ್ಳೀನೂ ಇರಲಿಲ್ಲ."

ಅವರು ಸೆರಗು ಸರಿಮಾಡಿಕೊಂಡು ಎದ್ದರು. "ನನಗ ಹೇಳಿದ್ರ ಆಗಲ್ಲ. ಹೊರಗ ಮಂದಿ ಕುಂತಾರ. ನಡಿ."

ಅಂಗಳದಲ್ಲಿ ನಿಂತು ಮತ್ತೆ ಹೇಳಿದೆ. ಕನ್ನಡದಲ್ಲಿ ಹೇಳಿದ್ದನ್ನು, ಅರ್ಥವಾಗದವರಿಗಾಗಿ ಮರಾಠಿಯಲ್ಲೂ ಹೇಳಿದೆ. ಒಬ್ಬ ಮೆಕ್ಯಾನಿಕ್ ಎದ್ದು, ಚಪ್ಪಲಿ ಮೆಟ್ಟಿಕೊಂಡು, ನನ್ನತ್ತ ನೋಡದೆ ಹೊರಟುಹೋದ. ಆಮೇಲೆ ನಿಲಂಗಾದ ಸಾಹುಕಾರರ ಹತ್ತಿರವೂ ಹೋಗಿ ಹೇಳಿದ್ದೇನೆ. ತರಗತಿಯಲ್ಲಿ ಹೇಳಿದ್ದೇನೆ. ಆ ಮುಂದಿನ ಬೆಂಚಿನ ಹುಡುಗಿಯನ್ನು ಕರೆದು, ಅವಳು ಬರೆದುಕೊಂಡದ್ದನ್ನು ಹೊಡೆದುಹಾಕಿಸಿದ್ದೇನೆ. ಇದನ್ನೆಲ್ಲ ಅವರು ಬದುಕಿದ್ದಾಗ ಮಾಡಲು ನನಗೆ ವರ್ಷಗಳಿದ್ದವು.

ಆ ದಿನ ಹೊರಡುವಾಗ ಕಾಕು ಬಾಗಿಲವರೆಗೆ ಬಂದರು.

"ನೀ ಹ್ವಾದ ಸಲ ಬಂದು ಹೋದ ದಿನಾ ಸಂಜಿಕ ಅವರು ನನಗ ಕೇಳಿದ್ರು, ಆ ಹುಡುಗಿ ನಿನಗ ಏನರೆ ಹೇಳ್ತೇನು ಅಂತ. ರೊಟ್ಟಿ ಚಲೋ ಆಗ್ಯಾವ ಅಂತು ಅಂದೆ. ಮತ್ತೇನು ಹೇಳ್ತು ಅಂದ್ರು. ಮತ್ತೇನಿಲ್ಲ ಅಂದೆ."

"ಆಮ್ಯಾಲ ಕಾಕು?"

"ಆಮ್ಯಾಲ ಕೇಳಲಿಲ್ಲ. ಪಂಪು ತಗೊಂಡು ಕುಂತ್ರು."